ಅಕ್ಕೋರ ಕುಂಟು ಸ್ಟೂಲು

ಶಾಲೆಯ ಟೀಚರ್ ಕೆಲಸದಿಂದ ನಿವೃತ್ತರಾದದ್ದೇ ತಡ, ಆಚೆಮನೆಯ ಅಕ್ಕೋರು ತಮ್ಮ ಸ್ಕೂಟರ್ ಶೆಡ್ಡಿನಲ್ಲಿ ಮರಗೆಲಸಕ್ಕಿಳಿದರು. ಹೊಳನಗದ್ದೆಯ ನಮ್ಮ ಕೇರಿಗೆ ಮಧ್ಯಾಹ್ನ ಮೀನೂಟದ ಮೇಲೊಂದು ನಿದ್ದೆ ಬೇಕೇ ಬೇಕು. ಅವರ ಮಷಿನ್ ಗರಗಸ ಕಿರುಚುತ್ತಿದ್ದುದೂ ಆಗಲೇ. ಶೆಡ್ಡು ಮುಚ್ಚಿಸಲು ಹೋದವರಿಗೆ ಅವರು ಕಿವಿಯ ಮೇಲಿನ ಪೆನ್ಸಿಲ್ ಸರಿಪಡಿಸಿಕೊಳ್ಳುತ್ತ ಸ್ಟೂಲು ಕೊಟ್ಟು, “ಎಂತ ಆತು? ಕೂತ್ಕಂಡು ಹೇಳಿ” ಎನ್ನುತ್ತಿದ್ದರು.

ಬೈಯಲೆಂದೇ ಹೋದ ನನ್ನ ಅಮ್ಮ ಕೂತದ್ದೇ ಓಲಾಡಿದಳು. “ಅಕ್ಕೋರೆ, ಮೊದ್ಲು ಇದ್ರ ಕಾಲು ಸರಿ ಮಾಡಿ!”

ಅಕ್ಕೋರು ಕೈಗರಗಸವನ್ನು ಅವಳಿಗೇ ಕೊಟ್ಟರು. ಸಂಜೆ ಅಮ್ಮ ಆ ಸ್ಟೂಲು ಹೊತ್ತುಕೊಂಡೇ ಮನೆಗೆ ಬಂದಳು. ಮರುದಿನ ಶೆಡ್ಡಿನ ಬಾಗಿಲಲ್ಲಿ ಇನ್ನೊಂದು ಕುಂಟು ಸ್ಟೂಲಿತ್ತು, ಮುಂದೆ ಜಗಳಕ್ಕೆ ಬರುವವರಿಗೆ.

ಆಮೇಲೆ ಮಷಿನ್ ಮಧ್ಯಾಹ್ನ ಸುಮ್ಮನಿರತೊಡಗಿತು. ಆದರೆ ಮಲಗುವವರೇ ಇರಲಿಲ್ಲ, ಕೇರಿಯೆಲ್ಲ ಕೈಗರಗಸ ಹಿಡಿದು ಶೆಡ್ಡಿನಲ್ಲಿತ್ತು. ಇಂದಿಗೂ ನೆಂಟರು ಬಂದರೆ ಅಮ್ಮ ಅದೇ ಸ್ಟೂಲು ಕೊಡುತ್ತಾಳೆ: “ಗಟ್ಟಿ ಕೂತ್ಕಣಿ. ನಾ ಸರಿ ಮಾಡಿದ್ದು.”