ಅಕ್ಕನ ಸೀರೆ, ನನ್ನ ಆಪ್

ಹೋದ ವಾರ ಕಮಲಾಪುರದಲ್ಲಿ, ಮನೆ ತುಂಬ ಹೆಂಗಸರ ಎದುರು, ನಾನು ಅಕ್ಕನಿಗೆ ಅಕ್ಕನೇ ಕೊಟ್ಟಿದ್ದ ಸೀರೆಯನ್ನು ಉಡುಗೊರೆ ಕೊಟ್ಟೆ. ನಗಬೇಡಿ. ಇದಕ್ಕೆ ಕಾರಣ ನಾನಲ್ಲ, ನನ್ನ ಫೋನು.

(ಕಾರಣ ನಾನೇ. ಆದರೆ ಅಷ್ಟು ಬೇಗ ಒಪ್ಪಿಕೊಂಡರೆ ಅಂಕಣ ಇಲ್ಲಿಗೇ ಮುಗಿದುಹೋಗುತ್ತದೆ.)

ತಿಂಗಳ ಹಿಂದೆ ಆಫೀಸಿನವರ ಮಾತು ಕೇಳಿ ಖರ್ಚಿನ ಲೆಕ್ಕ ಇಡುವ ಆಪ್ ಹಾಕಿಕೊಂಡೆ. ನಮ್ಮ ಕಲಬುರಗಿಯ ಮೋಮಿನಪುರದಲ್ಲಿ ಒಂದು ಚಹಾ ಕುಡಿದರೂ ಅದು ಕೇಳುತ್ತದೆ: 'ಇದು ಅಗತ್ಯವೋ, ಆಸೆಯೋ?' ಚಹಾಕ್ಕೂ ವಿಚಾರಣೆ! ಆದರೂ ಹುರುಪು ಏರಿತು. ನನ್ನ ಹೆಂಡತಿಗೆ ಒಂದು ರೂಢಿ. ಯಾರಾದರೂ ಸೀರೆ ಕೊಟ್ಟರೆ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಸೀರೆಗೆ ಪಿನ್ ಮಾಡಿ ಇಡುತ್ತಾಳೆ. ನಾನು ಕಪಾಟು ತೆರೆದು ಚೀಟಿಗಳನ್ನೆಲ್ಲ ಕಿತ್ತು ಒಗೆದೆ. "ಇನ್ನ ಮ್ಯಾಲ ಎಲ್ಲಾ ಲೆಕ್ಕ ಫೋನಿನ್ಯಾಗ" ಎಂದೆ. ಅವಳು ನನ್ನನ್ನು ನೋಡಿದ ರೀತಿಗೇ ನಾನು ಎಚ್ಚರಾಗಬೇಕಿತ್ತು.

ಅಷ್ಟರಲ್ಲಿ ಕಮಲಾಪುರದ ಅಕ್ಕನ ಹೊಸ ಮನೆಯ ವಾಸ್ತುಶಾಂತಿ ಬಂತು. ತವರಿನ ಆಯೇರಿ, ಅಂದರೆ ಉಡುಗೊರೆ, ಇಲ್ಲದೆ ನಮ್ಮ ಕಡೆ ಹೆಣ್ಣುಮಗಳ ಮನೆಯ ಕಾರ್ಯ ಆಗುವುದುಂಟೇ? ಒಬ್ಬನೇ ತಮ್ಮ ನಾನು, ಸೀರೆ ಹಿಡಿದು ಹೋಗಲೇಬೇಕು. ಗಂಡನ ಮನೆಯವರ ಮುಂದೆ ಅಕ್ಕ ತಲೆ ಎತ್ತುವುದು ಆ ಸೀರೆಯಿಂದಲೇ. ಆಪ್ ನೋಡಿದರೆ, 'ಉಡುಗೊರೆ ಬಜೆಟ್ ಮುಗಿದಿದೆ' ಎಂದು ಕೆಂಪಗೆ ಕೂತಿತ್ತು. ಹೆಂಡತಿ ಕೆಲಸಕ್ಕೆ ನೆರವಾಗಲು ಹಿಂದಿನ ದಿನವೇ ಅಕ್ಕನ ಮನೆಗೆ ಹೋಗಿದ್ದಳು. ಕಪಾಟಿನಲ್ಲಿ ಉಡದೆ ಇಟ್ಟಿದ್ದ ಒಂದು ಇಳಕಲ್ ಸೀರೆ ಎತ್ತಿಕೊಂಡು ಬಸ್ ಹತ್ತಿದೆ. ಎಂಥಾ ಶಾಣ್ಯಾ ನೋಡಿ!

ಅಲ್ಲಿ ಅಕ್ಕನ ನಾದಿನಿ ಸೀರೆ ಬಿಚ್ಚಿ ಎಲ್ಲರಿಗೂ ತೋರಿಸಿದಳು. ಸೆರಗಿನ ತುದಿಗೆ ಅರಿಶಿನದ ಸಣ್ಣ ಕಲೆ. ಆಗ ನನಗೆ ನೆನಪಾಯಿತು. ನಮ್ಮ ಮಗನ ಮೊದಲ ಕೂದಲು ತೆಗೆಸಿದ ಜವಳದಲ್ಲಿ ನನ್ನ ಹೆಂಡತಿಗೆ ಈ ಸೀರೆ ಕೊಟ್ಟವಳು ಅಕ್ಕ. ಅರಿಶಿನ-ಕುಂಕುಮ ಹಚ್ಚಿ ಕೊಡುವಾಗ ಬಿದ್ದ ಕಲೆಯೂ ಅಕ್ಕನ ಕೈಯದೇ. ಅಕ್ಕ ಕಲೆ ನೋಡಿದಳು, ನನ್ನನ್ನು ನೋಡಿದಳು. ಹೆಂಡತಿ ನೆಲ ನೋಡಿದಳು.

"ಕಲಿ ಬಿದ್ದದಲ್ಲ ಇದಕ್ಕ?" ಎಂದಳು ನಾದಿನಿ.

"ಅರಿಶಿಣ ಅದು. ನನ್ನ ತಮ್ಮ ಪೂಜಿ ಮಾಡ್ಸಿ ತಂದಾನ" ಎಂದ ಅಕ್ಕ, ಆ ಸೀರೆಯನ್ನೇ ಉಟ್ಟು ಪೂಜೆಗೆ ಕೂತಳು.

ಹೊರಡುವಾಗ ಅಕ್ಕ ಚೀಲದ ತುಂಬ ಕೆಂಪು ಬಾಳೆಹಣ್ಣು ತುಂಬಿ, ಮೆಲ್ಲಗೆ ಹೇಳಿದಳು: "ತಮ್ಮಾ, ರೊಕ್ಕ ಇಲ್ಲಂದ್ರ ಬರೇ ಕೈಲೇ ಬಾ. ಬಂದ್ರ ಸಾಕು ನನಗ."

ರೊಕ್ಕ ಇತ್ತು. ಅದೇ ನನ್ನನ್ನು ಚುಚ್ಚಿದ್ದು.

ಬಸ್ಸಿನಲ್ಲಿ ಫೋನು ಟಣ್ ಎಂದಿತು: 'ಶಭಾಷ್! ಈ ವಾರ ಉಡುಗೊರೆ ಖರ್ಚು ಸೊನ್ನೆ.' ಹೆಂಡತಿ ಇಣುಕಿ ನೋಡಿ, "ಅಕ್ಕಾರಿಗಿ ಕಳಸ್ರಿ ಇದನ್ನ, ಖುಷಿ ಪಡ್ತಾರ" ಎಂದಳು.

ಮರುದಿನ ಕಲಬುರಗಿಯಲ್ಲಿ ಅಕ್ಕನಿಗೆಂದು ಹೊಸ ಸೀರೆ ಕೊಂಡೆ. ಫೋನಿನಿಂದ ದುಡ್ಡು ಕೊಟ್ಟು ಕೈ ತೆಗೆಯುವಷ್ಟರಲ್ಲಿ ಆಪ್ ಕೇಳಿತು: 'ಇದು ಅಗತ್ಯವೋ, ಆಸೆಯೋ?'

ಮರ್ಯಾದೆ ಎನ್ನುವ ಬಟನ್ ಎಲ್ಲಿದೆ, ಸ್ವಾಮಿ?