ಸುಬ್ರಮಣಿ ನೋಡಿ ಸರಿ ಎಂದ ಪಟ್ಟಿ

ಅಲ್ಲಾಳಸಂದ್ರದ ಕೆರೆಯ ಹತ್ತಿರ ಒಂದೇ ಸಾಲಿನಲ್ಲಿ ಐದು ಅಂಗಡಿಗಳಿವೆ. ಮೂರನೆಯದು ಸುಬ್ರಮಣಿಯ ವಿಡಿಯೋ ಸ್ಟುಡಿಯೋ, ನಾಲ್ಕನೆಯದು ವನಿತಾಳ ಜೆರಾಕ್ಸ್ ಅಂಗಡಿ. ನಡುವೆ ನಾಲ್ಕೂವರೆ ಇಂಚಿನ ಗೋಡೆ. ಗೋಡೆಯಾಚೆ ಡಿವಿಡಿ ಬರೆದು ಮುಗಿದು ಡ್ರೈವು ಬಾಯಿ ತೆರೆದ ಸದ್ದು ಕೇಳಿದಾಗಲೆಲ್ಲ ಸುಬ್ರಮಣಿಯ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಸುಳ್ಳೇಕೆ ಹೇಳಬೇಕು? ಐವತ್ತಾರು ವರ್ಷದ ಗಂಡಸು, ಊರಿನ ಮುನ್ನೂರು ಮದುವೆಗೆ ವಿಡಿಯೋ ತೆಗೆದವನು, ಪಕ್ಕದ ಅಂಗಡಿಯ ಹೆಣ್ಣುಮಗಳನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಈ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕಪ್ಪಾ ಅಂತೀರಾ? ಹಳೇ ಊರಿನ ಅಜ್ಜಿಯರಿಗೆ ಬೇಕು. ಮಕ್ಕಳು ಹೊಲದಲ್ಲಿ ಅಪಾರ್ಟ್‌ಮೆಂಟು ಎಬ್ಬಿಸಿ ಅಂಗೈಯಗಲದ ಫೋನು ಕೊಡಿಸಿದ್ದಾರೆ, ನಿಜ. ಆದರೆ ಅಜ್ಜಿಯರಿಗೆ ಆ ಗಾಜು ಸವರುವುದು ಒಗ್ಗುವುದಿಲ್ಲ. ತಟ್ಟೆ ಒಳಗಿಟ್ಟು ಒಂದು ಗುಂಡಿ ಒತ್ತಿದರೆ ಟೀವಿಯಲ್ಲಿ ಮಗಳ ಮದುವೆ ಶುರುವಾಗಬೇಕು, ಅಷ್ಟೇ. ಅಂಥವರಿಗಾಗಿ ಸುಬ್ರಮಣಿ ಕಾಸಿಲ್ಲದೆ ಸಿಗುವ ಎಫ್‌ಎಫ್‌ಎಂಪೆಗ್, ಡಿವಿಡಿಆಥರ್ ಮೊದಲಾದ, ವಿಡಿಯೋವನ್ನು ಡಿವಿಡಿಗೆ ಹಾಕುವ ಸಾಫ್ಟ್‌ವೇರುಗಳನ್ನು ಎರಡು ವರ್ಷ ತಿಣುಕಿ ಕಲಿತಿದ್ದ. ಅವಕ್ಕೆ ಒತ್ತಲು ಚಂದದ ಚಿತ್ರಗಳಿಲ್ಲ. ಕಪ್ಪು ಕಿಟಕಿಯೊಂದರಲ್ಲಿ ಉದ್ದುದ್ದ ಕಮಾಂಡ್ ಟೈಪ್ ಮಾಡಬೇಕು, ಒಂದು ಚುಕ್ಕೆ ತಪ್ಪಿದರೂ ಕೆಲಸ ಕೆಟ್ಟಿತು. ಅವನು ನೋಟ್‌ಬುಕ್ ನೋಡಿಕೊಂಡು ಒಂದೊಂದೇ ಅಕ್ಷರ ಕುಟ್ಟುವಾಗ ಗಿರಾಕಿಗಳು ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದರು. ಆ ನಿಲ್ಲುವಿಕೆ ಅವನಿಗೆ ಊಟಕ್ಕಿಂತ ರುಚಿ.

ವನಿತಾ ಚಿಕ್ಕಜಾಲದಿಂದ ದಿನಾ ಬಸ್ಸಿನಲ್ಲಿ ಬರುವವಳು. ಒಮ್ಮೆ ಅವನ ಬಾಗಿಲಲ್ಲಿ ನಿಂತು, ನನಗೂ ಹೇಳಿಕೊಡಿ ಸಾರ್ ಅಂದಿದ್ದಳು. ಅದೆಲ್ಲ ನಿನ್ನ ತಲೆಗೆ ಹತ್ತಲ್ಲಮ್ಮ ಎಂದು ಇವನು ನಕ್ಕುಬಿಟ್ಟಿದ್ದ. ಅವಳು ನೆಟ್‌ನಲ್ಲಿ ಹುಡುಕಿ ಇಪ್ಪತ್ತು ದಿನದಲ್ಲಿ ಕಲಿತಳು. ಕಲಿತಿದ್ದಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಅವನು ಅರ್ಧ ದಿನ ಕುಟ್ಟುವ ಕಮಾಂಡುಗಳನ್ನೆಲ್ಲ ಅವಳು ಒಂದೇ ಫೈಲಿನಲ್ಲಿ ಬರೆದಿಟ್ಟುಕೊಂಡಿದ್ದಳು. ಎಂಟರ್ ಒತ್ತುವುದು, ಟೀ ಕುಡಿಯುವುದು. ಟೀ ಮುಗಿಯುವ ಹೊತ್ತಿಗೆ ಕಂಪ್ಯೂಟರು ಅರ್ಧ ದಾರಿ ಬಂದಿರುತ್ತಿತ್ತು. ಇದನ್ನು ಗೋಡೆಯ ಮೂಲೆಯಿಂದ ಕಣ್ಣಾರೆ ಕಂಡ ದಿನ ಸುಬ್ರಮಣಿ ಮನೆಗೆ ಹೋಗಿ, ಸಾರಿಗೆ ಉಪ್ಪು ಜಾಸ್ತಿ ಎಂದು ಹೆಂಡತಿ ಕಲಾವತಿಯ ಮೇಲೆ ಹಾರಾಡಿದ. ಉಪ್ಪು ಸರಿಯಾಗಿಯೇ ಇತ್ತು.

ಒಂದೊಂದಾಗಿ ಗಿರಾಕಿಗಳು ಪಕ್ಕಕ್ಕೆ ಸರಿದರು. ಹೋಗಲಿ ಅಂದುಕೊಂಡ. ಒಂದು ಮನೆ ಮಾತ್ರ ತನ್ನದೇ ಎಂದು ನಂಬಿದ್ದ, ಅದು ಮುನಿಶಾಮಪ್ಪನವರದು. ಆ ಮನೆಯಲ್ಲೊಂದು ಡಿಜಿಟಲ್ ಕ್ಯಾಮೆರಾ ಬೀರುವಿನಲ್ಲಿರುತ್ತಿತ್ತು. ಏನೇ ಶುಭ ಅಶುಭ ನಡೆದರೂ ಸುಬ್ರಮಣಿಯನ್ನೇ ಕರೆಸಿ ಅದನ್ನು ಅವನ ಕೈಗೆ ಕೊಡುತ್ತಿದ್ದರು. ಹನ್ನೆರಡು ವರ್ಷ ಅದರ ಗುಂಡಿ ಒತ್ತಿದ್ದು ಅವನೊಬ್ಬನೇ. ಪಂಕ್ತಿಯಲ್ಲಿ ಮನೆಯವರ ಸಾಲಿನಲ್ಲೇ ಅವನಿಗೆ ಎಲೆ ಹಾಕುತ್ತಿದ್ದರು. ಮುನಿಶಾಮಪ್ಪ ತೀರಿಕೊಂಡಾಗ ಅವರ ಕೊನೆಯ ಫೋಟೋ ತೆಗೆದವನೂ ಅವನೇ.

ವರ್ಷದ ತಿಥಿ ಹತ್ತಿರ ಬಂತು. ಯಜಮಾನರನ್ನು ಟೀವಿಯಲ್ಲಿ ನೋಡಬೇಕು, ಇರುವ ಫೋಟೋ ವಿಡಿಯೋ ಎಲ್ಲ ಒಂದೇ ತಟ್ಟೆಗೆ ಹಾಕಿಸು ಎಂದು ಮುನಿಶಾಮಪ್ಪನವರ ಹೆಂಡತಿ ಸುಬ್ಬಮ್ಮ ಮಗ ಶರತ್‌ಗೆ ಹೇಳಿದರು. ಶರತ್ ಪೆನ್‌ಡ್ರೈವ್ ಹಿಡಿದು ಬಂದವನು ಮೂರನೇ ಅಂಗಡಿ ದಾಟಿ ನಾಲ್ಕನೆಯದಕ್ಕೆ ಹೋದ. ಸುಬ್ರಮಣಿ ಮಾಡಿದರೆ ಮೂರು ವಾರ ಬೇಕು ಎಂದು ಅವನು ಹೇಳಿದ್ದು ಗೋಡೆಯೀಚೆಗೆ ಸ್ಪಷ್ಟವಾಗಿ ಕೇಳಿಸಿತು. ತಾನು ತೆಗೆದ ಫೋಟೋ, ತಾನು ತೆಗೆದ ವಿಡಿಯೋ, ಅವಳ ಕೈಗೆ! ಸುಬ್ರಮಣಿಗೆ ಮೈಯೆಲ್ಲ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಆ ಮನೆಯೂ ಹೋದರೆ ಊರಿನಲ್ಲಿ ತಾನು ಯಾರು ಎಂದು ಅವನಿಗೆ ತಿಳಿಯಲಿಲ್ಲ.

ತಿಥಿಯ ಹಿಂದಿನ ದಿನ ಮಧ್ಯಾಹ್ನ ವನಿತಾಳೇ ಅವನನ್ನು ಕರೆದಳು. ಫೋಟೋ ವಿಡಿಯೋಗಳ ಹೆಸರಿನ ಪಟ್ಟಿ ಪರದೆಯ ಮೇಲಿತ್ತು. ಆ ಪಟ್ಟಿಯ ಸಾಲಿನಂತೆಯೇ ಟೀವಿಯಲ್ಲಿ ಅವು ಬರುತ್ತವೆ. ಅವಳು ಕ್ಯಾಮೆರಾ ಕೊಟ್ಟ ಸಂಖ್ಯೆಯ ಪ್ರಕಾರ ಜೋಡಿಸಿದ್ದಳು. ಶರತ್ ಸಂಜೆಗೇ ಬೇಕು ಅಂದಿದ್ದ, ಪೂರ್ತಿ ಓಡಿಸಿ ನೋಡಲು ಹೊತ್ತಿರಲಿಲ್ಲ.

"ಈ ಮನೆಯೋರ್ದು ನಂಗೇನೂ ಗೊತ್ತಿಲ್ಲ ಸಾರ್. ತೆಗ್ದಿರೋದು ನೀವು. ಹಿಂದೆ ಮುಂದೆ ಆಗಿಲ್ಲ ತಾನೆ?"

ಸುಬ್ರಮಣಿ ಪಟ್ಟಿ ನೋಡಿದ. ಮೊದಲ ಸಾಲಿನಲ್ಲಿ 0001. ಕ್ಯಾಮೆರಾ 9999ರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುತ್ತದೆ. ಹಳೆಯ ಸುತ್ತಿನ ಮೊದಲ ಫೋಟೋಗಳು ಎಂದೋ ಅಳಿಸಿಹೋಗಿದ್ದವು. ಈ ಕ್ಯಾಮೆರಾದ 9999 ಆ ಮನೆಯ ಮಗಳು ಚೈತ್ರಳ ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ ಬಂದಿತ್ತು. ಮುನಿಶಾಮಪ್ಪ ಮೊಮ್ಮಗಳನ್ನು ಎತ್ತಿಕೊಂಡು ನಗುತ್ತಿದ್ದ ಫೋಟೋ ಅದು. ಅದಾದ ಮೇಲಿನ ಮೊದಲ ಫೋಟೋ, ಅಂದರೆ ಈ 0001, ಮುನಿಶಾಮಪ್ಪನ ಹೆಣದ್ದು. ಅವರ ಕಡೆ ಸತ್ತವರನ್ನು ಸಿಂಗರಿಸಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಾಗೆ ಕೂರಿಸಿ ಹಾರ ಹಾಕಿದಾಗ ಇವನೇ ತೆಗೆದದ್ದು. ಇದು ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ, ಅವನು ಇಲ್ಲಿ ನಿಂತಿದ್ದ. ಮೊದಲ ನಲವತ್ತು ಸಾಲನ್ನು ಎತ್ತಿ ಕೊನೆಗೆ ಹಾಕಮ್ಮ ಎಂದಿದ್ದರೆ ಮುಗಿಯುತ್ತಿತ್ತು.

"ಸರಿಯಾಗಿದೆ, ಹಾಕಮ್ಮ" ಅಂದ.

ಅವಳು ಥ್ಯಾಂಕ್ಸ್ ಹೇಳಿ ಎಂಟರ್ ಒತ್ತಿದಳು.

ಮಾರನೆಯ ದಿನ ಮುನಿಶಾಮಪ್ಪನ ಫೋಟೋದ ಮುಂದೆ ಎಡೆ ಇಟ್ಟರು. ಮುದ್ದೆ, ಮಟನ್ ಸಾರು, ಒಂದು ಕಟ್ಟು ಬೀಡಿ, ಹೊಸ ಪಂಚೆ. ಊಟವಾದ ಮೇಲೆ ನೆಂಟರೆಲ್ಲ ನಡುಮನೆಯಲ್ಲಿ ಕೂತರು. ವನಿತಾಳನ್ನೂ ಕರೆಸಿದ್ದರು. ಸುಬ್ರಮಣಿ ಬಾಗಿಲ ಪಕ್ಕ ನಿಂತ. ಅವಳ ಮುಖ ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಿಕೊಂಡಿದ್ದ, ಪುಣ್ಯಾತ್ಮ.

ಶರತ್ ಗುಂಡಿ ಒತ್ತಿದ. ಕುರ್ಚಿಯಲ್ಲಿ ಹೆಣ ಬಂತು. ವನಿತಾಳ ಮುಖ ಬಿಳಚಿಕೊಂಡಿತು. ಅವಳು ತಿರುಗಿ ಸುಬ್ರಮಣಿಯನ್ನು ನೋಡಿದಳು, ಅವನು ಫ್ಯಾನು ನೋಡಿದ. ಹಿಂದಿನ ಮಧ್ಯಾಹ್ನದಿಂದ ಕಾದಿದ್ದ ಸುಖ ಬರಬೇಕಾದ ಹೊತ್ತು ಅದು. ಬರಲಿಲ್ಲ. ಚೈತ್ರ ಬಿಕ್ಕತೊಡಗಿದಳು. ಶರತ್ ಹಲ್ಲು ಕಡಿಯುತ್ತ ಟೀವಿ ಆರಿಸಲು ಎದ್ದ.

"ಕೂತ್ಕೊಳ್ಳೋ" ಅಂದರು ಸುಬ್ಬಮ್ಮ.

ಹೆಣ ಹೋಯಿತು, ಚಟ್ಟ ಹೋಯಿತು, ಹನ್ನೊಂದನೆಯ ದಿನದ ಪಂಕ್ತಿ ಹೋಯಿತು. ಆಮೇಲೆ ಟೀವಿಯಲ್ಲಿ ಮುನಿಶಾಮಪ್ಪ ಬಿಳಿ ಶರ್ಟು ಹಾಕಿಕೊಂಡು ಗೃಹಪ್ರವೇಶದ ಹಸುವನ್ನು ಹಿಡಿದು ನಿಂತಿದ್ದರು. ಚೈತ್ರಳ ಮದುವೆಯಲ್ಲಿ ಅಳಿಯನ ಕಾಲು ತೊಳೆದರು. ಬಾವಿಕಟ್ಟೆಯ ಮೇಲೆ ಕೂತು ಬೀಡಿ ಸೇದಿದರು, ಯಾರನ್ನೋ ಬೈದರು, ಯಾರಿಗೋ ಹೋಳಿಗೆ ಬಡಿಸಿದರು. ಕೊನೆಗೆ ಮೊಮ್ಮಗಳನ್ನು ಎತ್ತಿಕೊಂಡು ನಕ್ಕರು. ಅಲ್ಲಿಗೆ ತಟ್ಟೆ ಮುಗಿಯಿತು.

ಸುಬ್ಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ವನಿತಾಳ ಕೈ ಹಿಡಿದುಕೊಂಡರು.

"ಸತ್ತೋರನ್ನ ಎಬ್ಬಿಸ್ಕೊಂಡು ಬಂದೆ ಕಣವ್ವಾ. ಇದು ಇಂಗೇ ಇರ್ಲಿ, ಯಾರೂ ಮುಟ್ಬೇಡಿ. ಅಷ್ಟು ವರ್ಸ ಫೋಟ ತೆಗೆದೋನಿಗೆ ಇದು ತೋಚಲಿಲ್ಲ ನೋಡು."

ಆ ಮಾತು ಸುಬ್ರಮಣಿಯ ಮುಖಕ್ಕೆ ಹೊಡೆದಂತೆ ಬಿತ್ತು. ಗುಂಡಿ ತೋಡಿದವನು ತಾನು, ಅವಳನ್ನು ಕೂರಿಸಿದ್ದು ಪಲ್ಲಕ್ಕಿಯಲ್ಲಿ! ವನಿತಾ ಬಾಗಿಲ ಕಡೆ ಕೈ ತೋರಿಸಿದಳು.

"ನಂದಲ್ಲ ಅಜ್ಜಿ. ಸುಬ್ರಮಣಿ ಸಾರ್ ಪಟ್ಟಿ ನೋಡಿ, ಹೀಗೇ ಸರಿಯಾಗಿದೆ ಅಂದ್ರು."

ಸುಬ್ಬಮ್ಮ ಅವನನ್ನು ಹತ್ತಿರ ಕರೆದರು. ಎಡೆಗಿಟ್ಟ ಹೊಸ ಪಂಚೆಯನ್ನು ಶರತ್‌ನಿಂದ ತರಿಸಿ ಅವನ ಕೈಗೆ ಇಟ್ಟರು. ಎಡೆಯ ಪಂಚೆಯನ್ನು ಆ ಮನೆಯಲ್ಲಿ ಹೊರಗಿನವರಿಗೆ ಕೊಡುವ ಪದ್ಧತಿಯಿಲ್ಲ, ಮನೆ ಮಗನಿಗೆ ಮಾತ್ರ. ನೆಂಟರೆಲ್ಲ ತಲೆದೂಗಿದರು. ಸುಬ್ರಮಣಿ ನಿಜ ಹೇಳಬೇಕೆಂದು ಬಾಯಿ ತೆರೆದ, ಧೈರ್ಯ ಸಾಲಲಿಲ್ಲ. ಪಂಚೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಕಲಾವತಿ ಸಂಭ್ರಮದಿಂದ ಉಟ್ಟುಕೊಳ್ಳಿ ಅಂದಳು, ಅವನು ಉಡಲಿಲ್ಲ.

ಮಾರನೆಯ ಬೆಳಿಗ್ಗೆ ಒಂದು ಚೀಟಿ ಹಿಡಿದು, ಯಾರೂ ಕರೆಯದೆ, ನಾಲ್ಕನೇ ಅಂಗಡಿಯ ಮೆಟ್ಟಿಲು ಹತ್ತಿದ. ಫೋಟೋಗಳನ್ನು ಸಂಖ್ಯೆಯ ಬದಲು ತೆಗೆದ ದಿನಾಂಕದಂತೆ ಜೋಡಿಸುವ ಕಮಾಂಡನ್ನು ಅದರಲ್ಲಿ ಬರೆದಿದ್ದ. ವನಿತಾ ಆಧಾರ್ ಕಾರ್ಡೊಂದನ್ನು ಜೆರಾಕ್ಸ್ ಮಾಡುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಮೊದಲ್ನೇದು ಯಾವ ಫೋಟೋ ಅಂತ ನಿಮ್ಗೆ ಗೊತ್ತಿತ್ತು ಅಲ್ವಾ ಸಾರ್?"

"ಗೊತ್ತಿತ್ತಮ್ಮ" ಅಂದ ಸುಬ್ರಮಣಿ. ಚೀಟಿಯನ್ನು ಅವಳ ಮುಂದಿಟ್ಟ.

ಅವಳು ಅದನ್ನು ಓದಿ ಮಡಚಿ ವಾಪಸು ಕೊಟ್ಟಳು. "ನಿನ್ನೆ ಸಂಜೇನೇ ಹುಡುಕ್ಕೊಂಡೆ ಸಾರ್. ನಂದು ನಿಮ್ದಕ್ಕಿಂತ ಚಿಕ್ಕದಾಗಿದೆ. ಬರ್ಕೊಡ್ಲಾ?"

ಹೊಟ್ಟೆಯೊಳಗೆ ಯಾರೋ ಮತ್ತೆ ಮೆಣಸಿನಕಾಯಿ ಅರೆಯತೊಡಗಿದರು. ಸುಬ್ರಮಣಿ ಸ್ಟೂಲು ಎಳೆದುಕೊಂಡು ಕೂತು, ಜೇಬಿನಿಂದ ಪೆನ್ನು ತೆಗೆದು ಅವಳಿಗೆ ಕೊಟ್ಟ.