ಚಾವಡಿಯ ರೇಡಿಯೋ ಹಾಡಿದ ರಾತ್ರಿ

ಇದನ್ನು ಕಟ್ಟುಕಥೆ ಎನ್ನುವವರ ಎದುರು ವಾದಕ್ಕೆ ನಿಲ್ಲಲು ನಾನು ಇಂದಿಗೂ ಸಿದ್ಧ. ಕಾಲೇಜಿನ ಚರ್ಚಾಕೂಟಗಳಲ್ಲಿ ದೆವ್ವ-ಭೂತಗಳನ್ನು ಖಂಡಿಸಿ ಬಹುಮಾನ ಪಡೆದವನು ನಾನು. ಆದರೂ ಇದು ನಡೆಯಿತು.

ಕನ್ನಡ ನಾಡು ಒಂದಾಗಲಿದ್ದ ವರ್ಷ. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಸರಕಾರ ರೇಡಿಯೋ ಕೊಟ್ಟಿತ್ತು. ರಾತ್ರಿಶಾಲೆ ನಡೆಸುತ್ತ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಊರವರು ಚಾವಡಿಯ ಒಳಗೆ, ಕೇರಿಯ ದಲಿತರು ಹೊರಗೆ ಕಟ್ಟೆಯ ಕೆಳಗೆ ಕುಳಿತು ಕೇಳಬೇಕೆಂದು ಗೌಡರು ಬರೆಸಿದ ಒಪ್ಪಂದಕ್ಕೆ ನಾನೂ ಸಹಿ ಹಾಕಿದ್ದೆ. ಮೊದಲು ಕೇಳಲಿ, ಆಮೇಲೆ ಒಳಗೆ ಬರಲಿ ಎಂಬುದು ನನ್ನ ತರ್ಕ.

ಕೇರಿಯ ದ್ಯಾಮವ್ವ ಬೀಸುವ ಪದ ಹಾಡುವುದರಲ್ಲಿ ಎತ್ತಿದ ಕೈ. ಧಾರವಾಡದ ಬಾನುಲಿ ನಿಲಯದವರು ಕರೆಸಿ ಮುದ್ರಿಸಿಕೊಂಡಿದ್ದರು. ಪ್ರಸಾರದ ದಿನ ಬರುವಷ್ಟರಲ್ಲಿ ಆಕೆ ಜ್ವರದಿಂದ ತೀರಿಕೊಂಡಿದ್ದಳು. ತಾಯಿಯ ದನಿಯನ್ನು ಇನ್ನೊಮ್ಮೆ ಕೇಳಲು ಮಗಳು ಎಲ್ಲವ್ವನಿಗೆ ಉಳಿದದ್ದು ಆ ಒಂದು ಸಂಜೆ.

ಸುದ್ದಿ ಮುಗಿದೊಡನೆ ಗೌಡರು ಎದ್ದು ಬ್ಯಾಟರಿ ಬಿಚ್ಚಿಸಿದರು.

"ಇದ್ಯಾಕ್ರಿ ಗೌಡ್ರ? ಎಂಟಕ್ಕ ಹಾಡು ಐತಿ!"

"ಬ್ಯಾಟರಿ ಇಳದೈತಿ, ಮಾಸ್ತರ."

"ಈಗಷ್ಟ ಸುದ್ದಿ ಕೇಳೀವಲ್ರಿ!"

"ಕೇರಿಯಾಕಿ ಹಾಡಿದ್ದನ್ನ ನಾವು ಚಾವಡ್ಯಾಗ ಕುಂತು ಕೇಳಬೇಕೇನು? ನಿಮ್ಮ ಭಾಷಣ ಗದಗಿನ್ಯಾಗ ಮಾಡ್ರಿ."

ಕುಳಿತವರು ನಕ್ಕರು. ನನ್ನ ಮೈಯೆಲ್ಲ ಉರಿಯಿತು. "ಸ್ವಾತಂತ್ರ್ಯ ಬಂದದ್ದು ಯಾರಿಗ್ರಿ?" ಎಂದು ಅರಚಿದೆ. ಬ್ಯಾಟರಿ ಗೌಡರ ಮನೆ ಸೇರಿತು, ಚಾವಡಿ ಖಾಲಿಯಾಯಿತು, ಎಂಟು ಗಂಟೆ ದಾಟಿತು. ಎಲ್ಲವ್ವ ಮಾತ್ರ ಕಟ್ಟೆಯ ಕೆಳಗಿಂದ ಏಳಲಿಲ್ಲ.

"ಮನಿಗಿ ಹೋಗವಾ."

"ಹೋಗಿ ಏನ್ ಮಾಡ್ಲಿರಿ? ಬೀಸುಕಲ್ಲು ಐತಿ, ಅವ್ವ ಇಲ್ಲ."

ನಾನೂ ಹಟದಿಂದ ಒಳಗೇ ಕುಳಿತೆ. ಗೌಡರ ಮೇಲಿನ ದೂರನ್ನು ಕಂದೀಲಿನ ಬೆಳಕಿನಲ್ಲಿ ಬರೆಯತೊಡಗಿದೆ. ಸಿಟ್ಟಿಗೆ ಎರಡು ಸಲ ಕಾಗದ ಹರಿಯಿತು.

ನಡುರಾತ್ರಿಯ ಹೊತ್ತಿಗೆ ಒಂದು ವಾಸನೆ... ಕಾದ ಧೂಳಿನದು, ರೇಡಿಯೋ ಬಹಳ ಹೊತ್ತು ನಡೆದಾಗ ಬರುವಂಥದು. ಅದರ ಬೆನ್ನಿಗೇ ಜೋಳದ ಹಿಟ್ಟಿನ ವಾಸನೆ. ಕಂದೀಲು ಎತ್ತಿಕೊಂಡು ರೇಡಿಯೋ ಪೆಟ್ಟಿಗೆಯ ಹಿಂದೆ ಕೈಯಾಡಿಸಿದೆ. ತಂತಿಗಳು ಬರಿದೇ ಜೋತಾಡುತ್ತಿದ್ದವು. ಪೆಟ್ಟಿಗೆಯ ಮರ ಮಾತ್ರ ಬೆಚ್ಚಗಿತ್ತು...

ಗರ್... ಗರ್... ಕಲ್ಲು ತಿರುಗುವ ಸದ್ದು. ಅದರ ಮೇಲೆ ಮೆಲ್ಲಗೆ ಎದ್ದದ್ದು ದ್ಯಾಮವ್ವನ ದನಿ.

"ಅವ್ವಾ..." ಹೊರಗೆ ಎಲ್ಲವ್ವ ಎದ್ದು ನಿಂತಿದ್ದಳು.

ಒಳಗೆ ಬಾ ಎನ್ನಲು ಬಾಯಿ ತೆರೆದೆ. ಗೌಡರಿಗೆ ಗೊತ್ತಾದರೆ ನಾಳೆಯಿಂದ ಕೇರಿಯವರನ್ನು ಕಟ್ಟೆಯ ಹತ್ತಿರವೂ ಬಿಡಲಾರರು ಎಂಬ ಲೆಕ್ಕ ಅಡ್ಡ ಬಂತು. ಆ ಸರಿಹೊತ್ತಿನಲ್ಲಿ, ನೋಡುವವರು ಒಬ್ಬರೂ ಇಲ್ಲದಾಗ! ನಾನು ಕರೆಯಲಿಲ್ಲ.

ಹಾಡು ಮುಗಿಯಿತು. ಕಲ್ಲು ನಿಂತಿತು. ಆಮೇಲೆ ಅದೇ ದನಿ, ತೀರ ತಗ್ಗಿ, ನನ್ನ ಕಿವಿಯ ಪಕ್ಕದಲ್ಲೇ...

"ಮಾಸ್ತರ, ನನ್ನ ಮಗಳು ಇನ್ನೂ ಯಾಕ ಹೊರಗ ನಿಂತಾಳ್ರಿ?"

ಕಂದೀಲು ಕೈಯಿಂದ ಜಾರಿ ಆರಿಹೋಯಿತು.

"ಕಡೀಕ ಅವ್ವ ಏನೋ ಅಂದ್ಲಲ್ರಿ," ಎಲ್ಲವ್ವ ಕತ್ತಲಲ್ಲಿ ಕೇಳಿದಳು. "ನನಗ ಇಲ್ಲೀತನಕ ಕೇಳಿಸ್ಲಿಲ್ಲ. ಏನಂದ್ಲು?"

"ಏನೂ ಅನ್ಲಿಲ್ಲವಾ," ಎಂದೆ.

ಬ್ಯಾಟರಿಯಿಲ್ಲದ ಪೆಟ್ಟಿಗೆ ಹೇಗೆ ಹಾಡಿತೆಂದು ವಿವರಿಸಬಲ್ಲವರು ನನಗೆ ಇನ್ನೂ ಸಿಕ್ಕಿಲ್ಲ. ಗೌಡರ ಮೇಲಿನ ಸಿಟ್ಟು ಎಂದೋ ಆರಿತು. ಆ ಒಪ್ಪಂದಕ್ಕೆ ಸಹಿ ಹಾಕಿದ ಇನ್ನೊಬ್ಬನ ಮೇಲಿನದು ಆರಿಲ್ಲ. ಯಾರಾದರೂ ರೇಡಿಯೋ ಹಚ್ಚಿದರೆ ಈಗಲೂ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.